ಕೆರೆಯೊಳಗಿನ ಸಂಸಾರ

ಎಂಟು ವರ್ಷದ ಹುಡುಗನೊಬ್ಬನನ್ನು ಕರೆದು, "ಕೆರೆಯಲ್ಲಿ ಏನೇನು ಇದೆ?" ಎಂದು ಕೇಳಿ ನೋಡಿರಿ. ಮೀನು, ಕಪ್ಪೆ, ಏಡಿ, ಬೆಳ್ಳಕ್ಕಿ, ತಾವರೆ ಎಂದು ಅವನು ತಡಮಾಡದೆ ಹೇಳುವನು. ಬಿಸಿಲು ಇದೆ ಎಂದಾಗಲಿ, ಬಿದ್ದ ಎಲೆಯನ್ನು ಕೊಳೆಯಿಸುವ ಜೀವಿಗಳಿವೆ ಎಂದಾಗಲಿ ಹೇಳುವುದು ಅಪರೂಪ. ಆದರೆ ಈ ಎರಡೂ ಇಲ್ಲದಿದ್ದರೆ ಅವನು ಹೆಸರಿಸಿದ ಯಾವ ಜೀವಿಯೂ ಅಲ್ಲಿ ಬಹುಕಾಲ ಉಳಿಯಲಾರದು. ಹೆಸರುಗಳ ಪಟ್ಟಿಯನ್ನು ಬಾಯಿಪಾಠ ಮಾಡಿಸಿದ ಮಾತ್ರಕ್ಕೆ ಈ ಕೊರತೆ ನೀಗುವುದಿಲ್ಲ; ಅವುಗಳ ಸಂಬಂಧವನ್ನು ಕಣ್ಣಾರೆ ಕಾಣಿಸಬೇಕು. ಮನೆಯಲ್ಲಿ ತಮ್ಮ ತಂಗಿಯರಿರುವ ವಿದ್ಯಾರ್ಥಿಗಳು ಈ ಕೆಲಸವನ್ನು ತಾವೇ ಮಾಡಬಹುದು.

ಜೀವಿಗಳನ್ನೂ ಅವುಗಳ ಸುತ್ತಲಿನ ನೀರು, ಗಾಳಿ, ಬೆಳಕು, ಮಣ್ಣುಗಳನ್ನೂ ಬೇರೆಬೇರೆಯಾಗಿ ನೋಡದೆ ಒಂದೇ ವ್ಯವಸ್ಥೆಯೆಂದು ಎಣಿಸಬೇಕೆಂದು ಆಂಗ್ಲ ಸಸ್ಯಶಾಸ್ತ್ರಜ್ಞ ಆರ್ಥರ್ ಟ್ಯಾನ್ಸ್ಲಿ 1935ರಲ್ಲಿ ಪ್ರತಿಪಾದಿಸಿದನು. ಅವನು ಬಳಸಿದ 'ಇಕೊಸಿಸ್ಟಮ್' ಎಂಬ ಹೆಸರನ್ನೇ ನಾವು 'ಪರಿಸರ ವ್ಯವಸ್ಥೆ' ಎನ್ನುತ್ತೇವೆ. ಮಕ್ಕಳಿಗೆ ಇದನ್ನು ಅಡಿಗೆಮನೆಗೆ ಹೋಲಿಸಿ ಹೇಳಬಹುದು. ನೀರು, ಇಂಗಾಲಾಮ್ಲ ವಾಯು, ಲವಣಗಳು ಅಡಿಗೆಯ ಸಾಮಾನು, ಬಿಸಿಲು ಒಲೆಯ ಉರಿ, ಪಾಚಿ ಮತ್ತು ಹಸುರು ಗಿಡಗಳು ಅಡಿಗೆಯವರು, ಪ್ರಾಣಿಗಳು ಉಣ್ಣುವವರು. ಆದರೆ ಈ ಅಡಿಗೆಮನೆಗೆ ಅಂಗಡಿಯಿಂದ ಹೊಸ ಸಾಮಾನು ಬರುವುದು ಬಹು ಕಡಿಮೆ. ಉಳಿದದ್ದನ್ನೂ ಸತ್ತದ್ದನ್ನೂ ಬಿಡಿಸಿ, ಮತ್ತೆ ಸಾಮಾನನ್ನಾಗಿ ಮಾಡಿ ಒಲೆಯ ಬಳಿ ತಂದಿಡುವವರೊಬ್ಬರು ಬೇಕು. ಬ್ಯಾಕ್ಟೀರಿಯಗಳೂ ಬೂಷ್ಟುಗಳೂ ಆ ಕೆಲಸವನ್ನು ಮಾಡುತ್ತವೆ. ಶಾಸ್ತ್ರದಲ್ಲಿ ಈ ಮೂರು ಬಗೆಯ ಜೀವಿಗಳನ್ನು ಕ್ರಮವಾಗಿ ಉತ್ಪಾದಕಗಳು, ಭಕ್ಷಕಗಳು, ವಿಘಟಕಗಳು ಎಂದು ಕರೆಯುತ್ತಾರೆ.

ಮೊದಲು ಅಡಿಗೆಯವರನ್ನು ತೋರಿಸೋಣ. ಹಿರಿಯರೊಡನೆ ಕೆರೆಯ ದಡಕ್ಕೆ ಹೋಗಿ, ನೀರಿನೊಳಗೆ ಬೆಳೆಯುವ ಗಿಡದ ಒಂದೆರಡು ಕಡ್ಡಿಗಳನ್ನು ತಂದು, ನೀರು ತುಂಬಿದ ಗಾಜಿನ ಲೋಟದಲ್ಲಿ ಮುಳುಗಿಸಿ ಬಿಸಿಲಿನಲ್ಲಿಡಿರಿ. ಸ್ವಲ್ಪ ಹೊತ್ತಿನಲ್ಲಿ ಕಡ್ಡಿಯಿಂದ ಸಣ್ಣ ಗುಳ್ಳೆಗಳು ಏಳತೊಡಗುವುವು. ನೀರು ಬೆಚ್ಚಗಾದಾಗಲೂ ಗಾಜಿಗೆ ಗುಳ್ಳೆ ಅಂಟುವುದುಂಟು. ಆದುದರಿಂದ ಗಿಡವಿಲ್ಲದ ಇನ್ನೊಂದು ಲೋಟವನ್ನೂ ಪಕ್ಕದಲ್ಲಿಟ್ಟು ಹೋಲಿಸಬೇಕು. ಗಿಡವಿರುವ ಲೋಟವನ್ನು ಕತ್ತಲೆಗೆ ಒಯ್ದರೆ ಗುಳ್ಳೆಗಳು ನಿಲ್ಲುತ್ತವೆ. ಆ ಗುಳ್ಳೆಗಳಲ್ಲಿರುವುದು ಆಮ್ಲಜನಕ. ಸಸ್ಯಗಳು ಅದನ್ನು ಬಿಸಿಲಿನಲ್ಲಿ ಮಾತ್ರ ಹೊರಬಿಡುತ್ತವೆಂಬುದನ್ನು ಯಾನ್ ಇಂಗನ್‌ಹೌಸ್ ಎಂಬ ಡಚ್ ವೈದ್ಯನು 1779ರಲ್ಲಿ ಪ್ರಕಟಿಸಿದ್ದನು.

ಇನ್ನು ಉಣ್ಣುವವರ ಲೆಕ್ಕ. ಸಾವಿರ ಹುಣಿಸೆ ಬೀಜಗಳನ್ನು ಗುಡ್ಡೆ ಹಾಕಿ, ಇದು ಪಾಚಿಯಲ್ಲಿರುವ ಶಕ್ತಿಯೆಂದು ಹೇಳಿರಿ. ಪಾಚಿಯನ್ನು ತಿನ್ನುವ ಚುಕ್ಕೆಯಷ್ಟು ಸಣ್ಣ ಜೀವಿಗಳಿಗೆ ಅದರಲ್ಲಿ ನೂರು, ಅವುಗಳನ್ನು ತಿನ್ನುವ ಮೀನಿಗೆ ಹತ್ತು, ಮೀನನ್ನು ಹಿಡಿಯುವ ಮಿಂಚುಳ್ಳಿಗೆ ಒಂದು. ಒಂದೊಂದು ಮೆಟ್ಟಿಲಿನಲ್ಲೂ ಸ್ಥೂಲವಾಗಿ ಹತ್ತರಲ್ಲೊಂದು ಪಾಲು ಮಾತ್ರ ಮೇಲಕ್ಕೆ ದಾಟುತ್ತದೆ. "ಉಳಿದ ಬೀಜಗಳು ಎಲ್ಲಿ ಹೋದವು?" ಎಂದು ಮಗು ಕೇಳದಿರದು. ಒಂದಷ್ಟು ಪಾಲು ಉಸಿರಾಟ, ಓಡಾಟಗಳಲ್ಲಿ ವ್ಯಯವಾಗಿ ಶಾಖವಾಯಿತು. ಇನ್ನೊಂದಷ್ಟು ತಿನ್ನದೆಯೋ ಜೀರ್ಣವಾಗದೆಯೋ ಉಳಿದು ವಿಘಟಕಗಳಿಗೆ ಸೇರಿತು. ಕೆರೆಯಲ್ಲಿ ಪಾಚಿ ಹೇರಳವಾಗಿದ್ದು ಮಿಂಚುಳ್ಳಿಗಳು ಒಂದೆರಡೇ ಇರುವುದಕ್ಕೆ ಇದೇ ಕಾರಣ. ಈ ಲೆಕ್ಕಕ್ಕೆ ಅಡಿಪಾಯ ಹಾಕಿದವನು ಅಮೆರಿಕದ ಮಿನ್ನೆಸೋಟದಲ್ಲಿ ಒಂದು ಸಣ್ಣ ಸರೋವರವನ್ನು ಅಭ್ಯಾಸ ಮಾಡಿದ ರೇಮಂಡ್ ಲಿಂಡೆಮನ್. 1942ರಲ್ಲಿ, ತನ್ನ ಲೇಖನ ಅಚ್ಚಾಗುವ ಮೊದಲೇ, 27 ವರ್ಷವೂ ತುಂಬದೆ ಆತನು ತೀರಿಕೊಂಡನು.

ವಿಘಟಕಗಳನ್ನು ಕಾಣಿಸಲು ತಾಳ್ಮೆ ಬೇಕು. ಹೂಕುಂಡದಲ್ಲಿ ತೋಟದ ಮಣ್ಣನ್ನು ತುಂಬಿ ಒಂದು ಎಲೆ, ಹತ್ತಿಬಟ್ಟೆಯ ಒಂದು ಚೂರು, ಪ್ಲಾಸ್ಟಿಕ್ಕಿನ ಒಂದು ಚೂರು ಇವುಗಳನ್ನು ಹೂಳಿರಿ. ಮಣ್ಣು ಒಣಗದಂತೆ ನೀರು ಚಿಮುಕಿಸುತ್ತ ಎರಡು ತಿಂಗಳು ಕಳೆದ ಮೇಲೆ ಅಗೆದು ನೋಡಿದರೆ, ಎಲೆಯೂ ಬಟ್ಟೆಯೂ ಶಿಥಿಲವಾಗಿರುತ್ತವೆ. ಪ್ಲಾಸ್ಟಿಕ್ಕು ಹಾಗೆಯೇ ಇರುತ್ತದೆ. "ಎಲೆಯನ್ನು ತಿಂದವರು ಯಾರು?" ಎಂಬ ಪ್ರಶ್ನೆಗೆ ಮಕ್ಕಳೇ ಉತ್ತರ ಹುಡುಕಲಿ. ಮಣ್ಣು ಮುಟ್ಟಿದ ಮೇಲೆ ಕೈ ತೊಳೆಯುವುದನ್ನು ಮಾತ್ರ ಮರೆಯಬಾರದು.

ಇದೆಲ್ಲ ಕೇವಲ ಮಕ್ಕಳಾಟವೆಂದು ತಿಳಿಯಬೇಡಿರಿ. 2016ರ ಮಾರ್ಚ್ ತಿಂಗಳಿನಲ್ಲಿ ಬೆಂಗಳೂರಿನ ಹಲಸೂರು ಕೆರೆಯಲ್ಲಿ ಸಾವಿರಾರು ಮೀನುಗಳು ಸತ್ತು ತೇಲಿದುವು. ನೀರಿನಲ್ಲಿ ಕರಗಿದ ಆಮ್ಲಜನಕ ಕುಗ್ಗಿದುದೇ ಇದಕ್ಕೆ ಕಾರಣವೆಂದು ಆಗ ಹೇಳಲಾಯಿತು. ಮೀನನ್ನು ಯಾರೂ ಮುಟ್ಟದೆಯೇ ಇಂಥ ಅನಾಹುತ ಸಂಭವಿಸಬಹುದು. ಹೇಗೆಂದರೆ, ಕೆರೆಗೆ ಚರಂಡಿಯ ನೀರು ಸೇರಿದಾಗ ಬ್ಯಾಕ್ಟೀರಿಯಗಳಿಗೆ ಹಬ್ಬದೂಟ ದೊರೆತಂತಾಗುತ್ತದೆ. ಅವು ಅಪಾರವಾಗಿ ಹೆಚ್ಚಿ ನೀರಿನಲ್ಲಿರುವ ಆಮ್ಲಜನಕವನ್ನು ಬಳಸಿಕೊಳ್ಳುತ್ತವೆ. ಕೊಳಚೆಯಲ್ಲಿನ ಲವಣಗಳಿಂದ ಪಾಚಿಯೂ ಮಿತಿಮೀರಿ ಬೆಳೆಯುತ್ತದೆ. ಹಗಲಲ್ಲಿ ಆಮ್ಲಜನಕವನ್ನು ಕೊಡುವ ಅದೇ ಪಾಚಿ ರಾತ್ರಿಯಲ್ಲಿ ಅದನ್ನು ಹೀರುತ್ತದೆ. ಬೆಳಗಿನ ಜಾವದ ಹೊತ್ತಿಗೆ ಮೀನುಗಳಿಗೆ ಉಸಿರಾಡಲು ಏನೂ ಉಳಿಯದು. ಕೆರೆಯೆಂದರೆ ಮೀನು ಎಂದಷ್ಟೇ ಕಲಿತವನು ಆಗ ಹೊಸ ಮೀನುಮರಿಗಳನ್ನು ತಂದು ಬಿಟ್ಟಾನು! ಕಾಣದ ಭಾಗಗಳನ್ನೂ ಅರಿತವನು ಚರಂಡಿಯ ಕಡೆಗೆ ನಡೆದಾನು.

ಪಾಠ ಮುಗಿದ ಮೇಲೆ ಮಕ್ಕಳು, "ಇವೆಲ್ಲದರಲ್ಲಿ ಯಾವುದು ಹೆಚ್ಚು ಮುಖ್ಯ?" ಎಂದು ಕೇಳಬಹುದು. ಉತ್ತರ ಹೇಳುವ ಆತುರ ಬೇಡ. ಒಂದೊಂದನ್ನೇ ಮನಸ್ಸಿನಲ್ಲಿ ತೆಗೆದುಹಾಕಿ, ಉಳಿದವುಗಳ ಗತಿ ಏನಾದೀತೆಂದು ಅವರನ್ನೇ ಕೇಳಿರಿ. ಮಿಂಚುಳ್ಳಿ ಹೋದರೆ ಕೆರೆಯ ಬಾಳು ಬದಲಾದೀತು. ಬಿಸಿಲು ಹೋದರೆ ಒಲೆಯೇ ಆರೀತು. ವಿಘಟಕಗಳು ಹೋದರೆ ಸಾಮಾನೆಲ್ಲ ಸತ್ತ ದೇಹಗಳಲ್ಲೇ ಸಿಕ್ಕಿಬಿದ್ದು ಅಡಿಗೆ ನಿಂತೀತು. ಮುಂದೊಂದು ದಿನ ಅದೇ ಹುಡುಗನನ್ನು ಕರೆದು ಕೆರೆಯಲ್ಲಿ ಏನಿದೆಯೆಂದು ಮತ್ತೆ ಕೇಳಿರಿ. ಅವನು "ಬಿಸಿಲು" ಎಂದು ಆರಂಭಿಸಿದರೆ ನಿಮ್ಮ ಪಾಠ ಫಲಿಸಿತೆಂದು ತಿಳಿಯಬಹುದು.