ಒಂದು ಸೀರೆ, ಎರಡು ಗೌನು: ಘೇರಿನ ಲೆಕ್ಕ

ಗೌರಿ ಹುಣ್ಣಿಮೆಗೆ ಇನ್ನು ಹದಿನೈದು ದಿನ ಉಳಿದಿದ್ದವು. ಕುಪ್ಪೇಲೂರಿನ ನಮ್ಮ ಮನೆಯ ಪಡಸಾಲೆಯಲ್ಲಿ ಅವ್ವ ತನ್ನ ಇಳಕಲ್ ಸೀರೆಯನ್ನು ಉದ್ದಕ್ಕೆ ಹಾಸಿದಳು. ಸಕ್ಕರೆ ಆರತಿ ಹಿಡಿದು ಹೋಗುವಾಗ ತಂಗಿಗೆ ಸಿನಿಮಾದ ರಾಜಕುಮಾರಿಯಂಥ ಗೌನು ಬೇಕಿತ್ತು. ಅವಳಿಗೆ ಹೊಲಿದರೆ ನನಗೂ ಒಂದು ಬೇಕು. "ಹೊಲಕೋರಿ, ಆದ್ರ ಭಾಳ ಕತ್ತರಿ ಹಚ್ಚಬ್ಯಾಡ್ರವಾ" ಎಂದಳು ಅವ್ವ. ಆ ಮಾತು ನಮ್ಮ ಇಡೀ ಲೆಕ್ಕವನ್ನು ಕಟ್ಟಿಕೊಟ್ಟಿತು.

ಗೌನಿಗೆ ಜೀವ ಬರುವುದು ಘೇರಿನಿಂದ. ನಡುವಿನಲ್ಲಿ ಬಿಗಿ, ಕೆಳಗೆ ಹರವು. ಘೇರು ನಮಗೆ ಹೊಸದಲ್ಲ. ಪರಕಾರ ಪೋಲಕ ಹೊಲಿದ ಕೈಗೂ ಲಂಬಾಣಿ ತಾಂಡಾದಲ್ಲಿ ಪೇಟಿಯಾ ಹೊಲಿಯುವ ಕೈಗೂ ಅದರ ಗುಟ್ಟು ಗೊತ್ತು. ಅದನ್ನು ತರಲು ಎರಡು ದಾರಿಗಳಿವೆ: ಬಟ್ಟೆಯನ್ನು ದುಂಡಗೆ ಕತ್ತರಿಸುವುದು, ಇಲ್ಲವೇ ನೇರ ಬಟ್ಟೆಗೆ ನೆರಿಗೆ ಹಿಡಿಯುವುದು.

ದುಂಡು ಘೇರಿನ ಲೆಕ್ಕ ಶಾಲೆಯಲ್ಲಿ ಕಲಿತ ವೃತ್ತದ್ದೇ. ನಡುವಿನ ಅಳತೆಯನ್ನು 6.28ರಿಂದ ಭಾಗಿಸಿದರೆ ನಡುವಿಗಾಗಿ ಕತ್ತರಿಸಬೇಕಾದ ವೃತ್ತದ ತ್ರಿಜ್ಯ ಸಿಗುತ್ತದೆ. ನನ್ನ ನಡು 28 ಇಂಚು, ಅಂದರೆ ತ್ರಿಜ್ಯ ಸುಮಾರು ನಾಲ್ಕೂವರೆ ಇಂಚು. ಲಂಗದ ಉದ್ದ 38 ಇಂಚು ಇಟ್ಟರೆ ಹೊರಗಿನ ವೃತ್ತದ ತ್ರಿಜ್ಯ ನಲವತ್ತೆರಡೂವರೆ, ಕೆಳ ಅಂಚಿನ ಸುತ್ತಳತೆ ಸುಮಾರು 267 ಇಂಚು. ಮೊಳದಲ್ಲಿ ಹೇಳಿದರೆ ಹದಿನೈದಕ್ಕೆ ಸ್ವಲ್ಪ ಕಡಿಮೆ. ಹೆಚ್ಚುಕಡಿಮೆ ಅಜ್ಜಿ ಉಡುತ್ತಿದ್ದ ಹದಿನಾರು ಮೊಳದ ಸೀರೆಯ ಉದ್ದದಷ್ಟು ಅಂಚು ಒಂದು ಲಂಗದ ಕೆಳಗೆ ಸುತ್ತುತ್ತದೆ ಎಂದು ತಿಳಿದಾಗ ನನಗೆ ಮೈ ಜುಮ್ಮೆಂದಿತ್ತು! 44 ಇಂಚು ಪನ್ನದ, ಅಂದರೆ ಅಗಲದ, ಬಟ್ಟೆಯಲ್ಲಿ ಎರಡು ಅರ್ಧವೃತ್ತ ಮಾಡಿ ಕೂಡಿಸಿದರೆ ನಾಲ್ಕೂವರೆ ಮೀಟರಿನಲ್ಲಿ ಇದು ಮುಗಿಯುತ್ತದೆ. ನಡುವಿನ ವೃತ್ತದ ತ್ರಿಜ್ಯವನ್ನು ಮಾತ್ರ ಅರ್ಧ ಇಂಚು ಕಡಿಮೆ ಹಿಡಿದು ಕತ್ತರಿಸಿ. ಹೊಲಿಗೆಗೆ ಬಿಡುವ ಬಟ್ಟೆ ಅದು. ದೊಡ್ಡದಾಗಿ ಕತ್ತರಿಸಿಬಿಟ್ಟರೆ ಮತ್ತೆ ಕೂಡಿಸಲು ಬರುವುದಿಲ್ಲ.

ಆದರೆ ಸೀರೆಯ ದಡಿ ನೇರ. ವೃತ್ತದ ಅಂಚಿಗೆ ಅದು ಬಾಗುವುದಿಲ್ಲ. ದಡಿ ಉಳಿಯಬೇಕು, ಕತ್ತರಿ ಕಡಿಮೆ ಬೀಳಬೇಕು ಎಂದರೆ ನೆರಿಗೆಯ ದಾರಿಯೇ ಸರಿ. ನಡುವಿನ ಮೂರು ಪಟ್ಟು ಬಟ್ಟೆ ಹಿಡಿಯಿರಿ: ನನಗೆ 84 ಇಂಚು, 24 ಇಂಚು ನಡುವಿನ ತಂಗಿಗೆ 72. ಎರಡೂ ಸೇರಿ 156 ಇಂಚು, ಸುಮಾರು ನಾಲ್ಕು ಮೀಟರು. ಐದೂವರೆ ಮೀಟರಿನ ಸೀರೆಯಲ್ಲಿ ಸೆರಗೂ ಸೇರಿ ಒಂದೂವರೆ ಮೀಟರು ಉಳಿಯಿತು. ಅಡ್ಡಕ್ಕೆ ಎರಡೇ ಸಲ ಕತ್ತರಿ, ಎರಡು ಲಂಗ.

ಲಂಗದ ಉದ್ದವನ್ನು ಕೆಳಗಿನಿಂದ ಕತ್ತರಿಸಿ ಕಡಿಮೆ ಮಾಡಲಿಲ್ಲ. ನಮ್ಮ ಸೀರೆಯ ಪನ್ನ 46 ಇಂಚು. ಮೇಲಿನ ದಡಿ ನಾಲ್ಕು ಇಂಚು ಮಾತ್ರ ಕತ್ತರಿಸಿ ತೆಗೆದು ತೋಳಿಗೂ ಕೊರಳಿಗೂ ಇಟ್ಟುಕೊಂಡೆವು. ಉಳಿದ 42ರಲ್ಲಿ ನಡುವಿನ ಹೊಲಿಗೆಗೆ ಒಂದು ಇಂಚು ಹೋಯಿತು. ನನಗೆ ಬೇಕಾದದ್ದು 38, ಹೆಚ್ಚಾದದ್ದು ಮೂರು. ತಂಗಿಗೆ ಬೇಕಾದದ್ದು 32, ಹೆಚ್ಚಾದದ್ದು ಒಂಬತ್ತು. ದಡಿಯ ಮೇಲೆ ಒಂದೂವರೆ ಇಂಚಿನ ಟಕ್ಕು ಹಿಡಿದರೆ ಒಂದೊಂದಕ್ಕೆ ಮೂರು ಇಂಚು ಬಟ್ಟೆ ಒಳಗೆ ಹೋಗುತ್ತದೆ. ನನ್ನದಕ್ಕೆ ಒಂದು ಟಕ್ಕು, ಅವಳದಕ್ಕೆ ಮೂರು. ಬೆಳೆಯುವ ಹುಡುಗಿಯರ ಪರಕಾರಕ್ಕೆ ಹಿಂದೆ ಹೀಗೆಯೇ ಮಾಡುತ್ತಿದ್ದರು.

ಅಳತೆಯ ವಿಷಯದಲ್ಲಿ ಒಂದು ಮಾತು ಒತ್ತಿ ಹೇಳುತ್ತೇನೆ: ನಿಮ್ಮ ಅಳತೆ ನೀವೇ ತೆಗೆದುಕೊಳ್ಳಬೇಡಿ. ಟೇಪು ನೋಡಲು ಬಗ್ಗಿದೊಡನೆ ಬೆನ್ನು, ನಡು ಎರಡೂ ಬದಲಾಗುತ್ತವೆ. ಅಕ್ಕನದ್ದನ್ನು ತಂಗಿ, ತಂಗಿಯದ್ದನ್ನು ಅಕ್ಕ ತೆಗೆಯಲಿ. ನಡು ಎಲ್ಲಿದೆ ಎಂದು ತಿಳಿಯಲು ಪಕ್ಕಕ್ಕೆ ಬಾಗಿ. ಮಡಿಕೆ ಬಿದ್ದ ಜಾಗಕ್ಕೆ ಒಂದು ದಾರ ಕಟ್ಟಿ, ಬೆನ್ನುದ್ದವನ್ನೂ ಲಂಗದುದ್ದವನ್ನೂ ಆ ದಾರದಿಂದಲೇ ಅಳೆಯಿರಿ. ಗೌನಿನ ಮೇಲ್ಭಾಗಕ್ಕೆ ಅಕ್ಕನ ಪೋಲಕದ ಕಟಿಂಗನ್ನೇ ಸಣ್ಣದು ಮಾಡಿ ತಂಗಿಗೆ ಹೊಲಿಯುವ ರೂಢಿಯೂ ತಪ್ಪು. ಭುಜ, ಎದೆ, ಕಂಕುಳ ಒಂದೇ ಪ್ರಮಾಣದಲ್ಲಿ ಬೆಳೆಯುವುದಿಲ್ಲ.

ನೆರಿಗೆಗೆ ಮಷಿನ್ನಿನಲ್ಲಿ ದೊಡ್ಡ ಹೊಲಿಗೆ ಹಾಕಿ ಬಾಬಿನ್ ದಾರ ಎಳೆಯುವವರೇ ಹೆಚ್ಚು. ಆ ದಾರ ನಡುವೆ ಕಡಿದರೆ ಎಲ್ಲ ಬಿಚ್ಚಿ ಮೊದಲಿಂದ ಶುರು. ಕೌದಿ ಹೊಲಿಯುವ ಕೈ ಇದ್ದರೆ ಅದನ್ನೇ ನಂಬಿ. ದಪ್ಪ ದಾರ, ಸಮನಾದ ಓಟದ ಹೊಲಿಗೆ, ಕಾಲಿಂಚು ಅಂತರದಲ್ಲಿ ಎರಡು ಸಾಲು. ಹನ್ನೆರಡನೆಯ ಶತಮಾನದ ಶರಣರಲ್ಲಿ ಸೂಜಿಕಾಯಕದ ರಾಮಿತಂದೆ ಎಂಬ ವಚನಕಾರನಿದ್ದ. ಸೂಜಿಯನ್ನೇ ಹೆಸರಾಗಿ ಹೊತ್ತವನ ನಾಡಿನಲ್ಲಿ ಕೈಹೊಲಿಗೆಯನ್ನು ಕೀಳೆಂದು ಏಕೆ ಬಗೆಯಬೇಕು? ಎಳೆಯುವ ಮೊದಲು 84 ಇಂಚನ್ನು ಎಂಟು ಭಾಗ ಮಾಡಿ ಸೀಮೆಸುಣ್ಣದ ಗುರುತು ಹಾಕಿ, ನಡುಪಟ್ಟಿಗೂ ಎಂಟು ಗುರುತು. ಹತ್ತೂವರೆ ಇಂಚು ಬಟ್ಟೆ ಮೂರೂವರೆ ಇಂಚಿನಲ್ಲಿ ಕೂತರೆ ನೆರಿಗೆ ಸುತ್ತಲೂ ಒಂದೇ ಸಮ ಬರುತ್ತದೆ.

ನೆರಿಗೆಯ 84 ಇಂಚಿನ ಅಂಚು ದುಂಡು ಘೇರಿನ 267ರಷ್ಟು ಹರಡುವುದಿಲ್ಲ. ಕೊರತೆಯನ್ನು ಒಳಗಿನಿಂದ ತುಂಬಬೇಕು. ಯುರೋಪಿನ ಗೌನುಗಳ ಕೆಳಗೆ ಮೊದಲು ಕುದುರೆಗೂದಲು ಸೇರಿಸಿ ನೇಯ್ದ ಗಡಸು ಲಂಗ ಇರುತ್ತಿತ್ತು. 1856ರ ಹೊತ್ತಿಗೆ ಉಕ್ಕಿನ ಬಳೆಗಳ ಪಂಜರ ಬಂತು. ನಮಗೆ ರಾಣೇಬೆನ್ನೂರಿನ ಪ್ಯಾಟಿಯಲ್ಲಿ ಸಿಗುವ ಕ್ಯಾನ್‌ಕ್ಯಾನ್ ನೆಟ್ಟು ಸಾಕು. ಅದನ್ನು ಸೀರೆಬಟ್ಟೆಗೆ ಹೊಲಿಯಬೇಡಿ, ಹತ್ತಿಯ ಅಸ್ತರಿಗೆ ಹೊಲಿಯಿರಿ. ನಡುವಿನಿಂದ ಎಂಟು ಇಂಚು ಅಸ್ತರು ಸಪಾಟಾಗಿ ಇಳಿಯಲಿ, ಅಲ್ಲಿಂದ ಮೂರು ಮೀಟರ್ ನೆಟ್ಟಿನ ಒಂದು ಸುತ್ತು, ಅದರ ಕೆಳಗೆ ಆರು ಮೀಟರಿನ ಇನ್ನೊಂದು. ಮೇಲಿನಿಂದಲೇ ನೆಟ್ಟು ಹಿಡಿದರೆ ನಡು ದಪ್ಪ ಕಾಣುತ್ತದೆ. ಇಷ್ಟೆಲ್ಲ ಭಾರ ನಡುಪಟ್ಟಿಯ ಮೇಲೆ ನಿಲ್ಲಬೇಕು, ಹೆಗಲಿಗೆ ಜೋತು ಬೀಳಬಾರದು. ಅದಕ್ಕೆ ಪಟ್ಟಿಯೊಳಗೆ ಬಕ್ರಂ ಇಟ್ಟು, ಜಿಪ್ಪಿನ ಮೇಲೆ ಎರಡು ಹುಕ್ಕು ಹಾಕಿ.

ಇಲ್ಲಿ ಬೆಂಕಿಯ ಮಾತು ಆಡದೆ ಮುಂದೆ ಹೋಗಲಾರೆ. 1871ರಲ್ಲಿ ಐರ್ಲೆಂಡಿನ ಒಂದು ನೃತ್ಯಕೂಟದಲ್ಲಿ ಲೇಖಕ ಆಸ್ಕರ್ ವೈಲ್ಡನ ಮಲಅಕ್ಕಂದಿರಾದ ಎಮಿಲಿ ಮತ್ತು ಮೇರಿ ಗೌನಿಗೆ ಬೆಂಕಿ ತಗುಲಿ ಸುಟ್ಟಗಾಯಗಳಿಂದ ತೀರಿಕೊಂಡರು. ಒಬ್ಬಳ ಬಟ್ಟೆ ಹೊತ್ತಿಕೊಂಡಾಗ ಉಳಿಸಲು ಧಾವಿಸಿದ ಇನ್ನೊಬ್ಬಳಿಗೂ ಬೆಂಕಿ ಹತ್ತಿತು. ಗೌರಿ ಹುಣ್ಣಿಮೆಯಂದು ನಮ್ಮ ಹುಡುಗಿಯರ ಕೈಯಲ್ಲಿ ಉರಿಯುವ ದೀಪ ಇರುತ್ತದೆ. ನೈಲಾನ್ ನೆಟ್ಟು ಬೆಂಕಿಗೆ ಕರಗಿ ಮೈಗೆ ಅಂಟುತ್ತದೆ. ನೆಟ್ಟು ಒಳಗೇ ಇರಲಿ, ಹೊರಗೆ ಹತ್ತಿ ಇರಲಿ, ಅಂಚು ನೆಲದಿಂದ ಎರಡು ಇಂಚು ಮೇಲಿರಲಿ, ಗಾಳಿಗೆ ಹಾರುವ ಓಡಣಿ ಆ ದಿನ ಬೇಡವೇ ಬೇಡ.

ಅವ್ವನ ಇಳಕಲ್ ಸೀರೆಯ ಒಡಲು ಹತ್ತಿ, ಸೆರಗು ರೇಷ್ಮೆ. ಎರಡನ್ನೂ ಮಗ್ಗದ ಮೇಲೆಯೇ ಕೊಂಡಿ ಹಾಕಿ ಕೂಡಿಸಿರುತ್ತಾರೆ. ಆ ಕೂಡು ಕಂಕುಳಕ್ಕೋ ಎದೆಯ ಬಿಗಿ ಜಾಗಕ್ಕೋ ಬರದಂತೆ ನೋಡಿಕೊಳ್ಳಿ. ತೋಪುತೆನೆಯ ಸೆರಗು ಒಂದೇ ಪೋಲಕಕ್ಕೆ ಸಾಲುವಷ್ಟಿತ್ತು. ಅದನ್ನು ತಂಗಿಗೆ ಕೊಟ್ಟೆ, ನನ್ನ ಪೋಲಕಕ್ಕೆ ಗುಳೇದಗುಡ್ಡದ ಖಣ ತಂದೆ. ಅಸ್ತರನ್ನು ಕತ್ತರಿಸುವ ಮೊದಲು ಒಂದು ರಾತ್ರಿ ನೀರಲ್ಲಿ ನೆನೆಸಿಟ್ಟಿದ್ದೆವು. ಇಲ್ಲದಿದ್ದರೆ ಮೊದಲ ಒಗೆತಕ್ಕೇ ಅದು ಕುಗ್ಗಿ ಹೊರಬಟ್ಟೆಯನ್ನು ಮುದುಡಿಸುತ್ತದೆ.

ದುಂಡು ಘೇರು ಹೊಲಿದವರು ಅಂಚು ಮಡಿಸಲು ಅವಸರ ಮಾಡಬಾರದು. ಬಟ್ಟೆ ಓರೆಯಾದ ಕಡೆ ತನ್ನ ಭಾರಕ್ಕೇ ಇಳಿಯುತ್ತದೆ. ಒಂದು ಹಗಲು ಒಂದು ರಾತ್ರಿ ಗೂಟಕ್ಕೆ ತೂಗುಹಾಕಿ, ಆಮೇಲೆ ತೊಟ್ಟವಳನ್ನು ಮಣೆಯ ಮೇಲೆ ನಿಲ್ಲಿಸಿ, ಮಣೆಯಿಂದ ಮೇಲಕ್ಕೆ ಅಳೆಯುತ್ತಾ ಸುತ್ತಲೂ ಗುರುತು ಹಾಕಿ.

ತಂಗಿಯ ಪೋಲಕದ ಎರಡೂ ಪಕ್ಕಕ್ಕೆ ಒಂದೊಂದು ಇಂಚು ಬಟ್ಟೆ ಒಳಗೆ ಬಿಟ್ಟಿದ್ದೇನೆ. ನಡುಪಟ್ಟಿಯ ತುದಿಯನ್ನೂ ಕತ್ತರಿಸದೆ ಮಡಿಸಿದ್ದೇನೆ. ಮುಂದಿನ ಗೌರಿ ಹುಣ್ಣಿಮೆಗೆ ಮೇಲಿನ ಟಕ್ಕು ಬಿಚ್ಚಿದರೆ ಲಂಗ ಮೂರು ಇಂಚು ಉದ್ದವಾಗುತ್ತದೆ, ಅದರ ಮುಂದಿನ ವರ್ಷಕ್ಕೆ ಇನ್ನೂ ಎರಡು ಟಕ್ಕು ಇವೆ.