ನೆರಳಿನಲ್ಲಿ ಒಂದು ಉದ್ಯೋಗ

ದೇಹಸ್ಥಿತಿಯ ತೊಂದರೆಯುಳ್ಳವರ ಹಿತಕ್ಕಾಗಿ ಏರ್ಪಟ್ಟ ಸಂಘಕ್ಕೆ ವೈದ್ಯನೇ ಮುಖಂಡನಾಗತಕ್ಕದ್ದೆಂದು ಸಾಮಾನ್ಯವಾಗಿ ಜನರು ಭಾವಿಸುವರು. ಆದರೆ ಆಲ್ಬಿನಿಸಂ ಎಂಬ ಹುಟ್ಟು ವರ್ಣಹೀನತೆಯುಳ್ಳವರ ಸಂಘವನ್ನು, ಕಂಪೆನಿಗಳಲ್ಲಿ ನೌಕರರ ನೇಮಕವನ್ನು ನೋಡಿಕೊಳ್ಳುವ ಅಧಿಕಾರಿಯೊಬ್ಬನು ನಡೆಯಿಸುವುದಾದರೆ, ಅವನಿಗಿಂತ ತಕ್ಕವನು ದೊರೆಯುವುದು ಕಷ್ಟವೆಂದೇ ನಮ್ಮ ಅಭಿಪ್ರಾಯ. ಪೂರ್ವ ಆಫ್ರಿಕದ ಟಾಂಜಾನಿಯ ದೇಶದ ಸ್ಥಿತಿಯನ್ನು ನೋಡಿದರೆ ವಾಚಕರಿಗೆ ಇದರ ಕಾರಣವು ಗೊತ್ತಾಗುವುದು.

ಇದು ತೊನ್ನಲ್ಲ, ಅಂಟುವ ವ್ಯಾಧಿಯೂ ಅಲ್ಲ. ವಿದ್ಯಾವಂತರಿಗೂ ಇದನ್ನು ಬಿಡಿಸಿ ಹೇಳಬೇಕಾಗಿರುವುದು ವಿಷಾದಕರ. ಚರ್ಮಕ್ಕೂ ಕೂದಲಿಗೂ ಕಣ್ಣಿಗೂ ಬಣ್ಣವನ್ನು ಕೊಡುವ ಮೆಲನಿನ್ ಎಂಬ ದ್ರವ್ಯವು ಇವರಲ್ಲಿ ಅತ್ಯಲ್ಪ, ಅಥವಾ ಇಲ್ಲವೇ ಇಲ್ಲ. ತಂದೆತಾಯಿಗಳು ನೋಟಕ್ಕೆ ಎಲ್ಲರಂತಿದ್ದರೂ ಇಬ್ಬರಲ್ಲಿಯೂ ಅದರ ಬೀಜವು ಅಡಗಿದ್ದರೆ ಮಗುವಿನಲ್ಲಿ ಕಾಣಿಸಿಕೊಳ್ಳಬಹುದು. ಯೂರೋಪು ಅಮೆರಿಕಗಳಲ್ಲಿ ಸುಮಾರು 17,000ದಿಂದ 20,000 ಜನರಿಗೊಬ್ಬರು ಹೀಗಿದ್ದರೆ, ಟಾಂಜಾನಿಯದಲ್ಲಿ ಸುಮಾರು 1,400 ಜನರಿಗೊಬ್ಬರೆಂದು ಅಂದಾಜು.

ಇವರ ದೇಹದ ಭಾಗಗಳಿಂದ ಐಶ್ವರ್ಯವು ಲಭಿಸುವುದೆಂಬ ಮಂತ್ರವಾದಿಗಳ ಮಾತನ್ನು ನಂಬಿ ಆ ದೇಶದಲ್ಲಿ ನಡೆಸಿದ ಘೋರ ಕೊಲೆಗಳು 2007ರ ತರುವಾಯ ಲೋಕಕ್ಕೆ ತಿಳಿದುಬಂದವು. ಆ ಸುದ್ದಿ ಪತ್ರಿಕೆಗಳಲ್ಲಿ ಬಂದಿತು; ಬಿಸಿಲಿನ ಸುದ್ದಿ ಅಷ್ಟಾಗಿ ಬರಲಿಲ್ಲ. ಕೊಲೆಗಾರನ ಕತ್ತಿಗಿಂತ ಹೆಚ್ಚು ಮಂದಿಯನ್ನು ಕೊಂಡೊಯ್ಯುವುದು ಚರ್ಮದ ಕ್ಯಾನ್ಸರು. ಅದರ ಮೂಲವೋ ಪಾಠಶಾಲೆಯಲ್ಲಿಯೇ ಇರುವುದು. ಇವರ ದೃಷ್ಟಿಯು ಹುಟ್ಟಿನಿಂದಲೇ ಮಂದ, ಬೆಳಕು ಕಣ್ಣಿಗೆ ಚುಚ್ಚುವುದು. ಹಲಗೆಯ ಮೇಲಿನ ಅಕ್ಷರ ಕಾಣದ ಹುಡುಗನನ್ನು ಉಪಾಧ್ಯಾಯನು ದಡ್ಡನೆನ್ನುವನು. ಹುಡುಗನು ಓದನ್ನು ಬಿಡುವನು. ಓದು ಬಿಟ್ಟವನಿಗೆ ಹೊಲದ ಕೆಲಸವಲ್ಲದೆ ಗತಿಯಿಲ್ಲ. ಭೂಮಧ್ಯರೇಖೆಯ ಸಮೀಪದ ಸೂರ್ಯನು ಉಳಿದುದನ್ನು ಮುಗಿಸುವನು. ಆದುದರಿಂದ ಛಾವಣಿಯ ಕೆಳಗಿನ ಗುಮಾಸ್ತೆಯ ಕೆಲಸವು ಅವನಿಗೆ ಸಂಬಳಕ್ಕೆ ಮಾತ್ರವಲ್ಲ, ಪ್ರಾಣಕ್ಕೇ ಆಧಾರವಾಗಿರುವುದು.

ಕೆನಡಾದ ಪೀಟರ್ ಆ್ಯಶ್ ವೈದ್ಯರಲ್ಲ, ವ್ಯಾಪಾರಸ್ಥರು, ಸ್ವತಃ ವರ್ಣಹೀನತೆಯುಳ್ಳವರು. ಅವರು 2008ರಲ್ಲಿ ಸ್ಥಾಪಿಸಿದ ‘ಅಂಡರ್ ದ ಸೇಮ್ ಸನ್’ ಸಂಸ್ಥೆಯು ಟಾಂಜಾನಿಯದ ಇಂತಹ ಮಕ್ಕಳ ವಿದ್ಯಾಭ್ಯಾಸದ ವೆಚ್ಚವನ್ನು ವಹಿಸಿದುದು ಈ ಮರ್ಮವನ್ನರಿತೇ. ಅದೇ ವರ್ಷ ಅಲ್‌ಷೈಮಾ ಕ್ವೆಗಿರ್ ಎಂಬ ಮಹಿಳೆಯು ಆ ದೇಶದ ಪಾರ್ಲಿಮೆಂಟಿಗೆ ನೇಮಕವಾದರು. ವರ್ಣಹೀನತೆಯುಳ್ಳವರು ಎಂತಹ ಪದವಿಗೂ ಅರ್ಹರೆಂಬುದು ಎಲ್ಲರಿಗೂ ಕಂಡಿತು.

ಓದಿದವನಿಗೆ ಕೆಲಸ ಕೊಡುವರಾರು? 20 ಅಥವಾ ಅದಕ್ಕೆ ಮೇಲ್ಪಟ್ಟು ನೌಕರರುಳ್ಳ ಯಜಮಾನನು ನೂರಕ್ಕೆ ಮೂವರಂತೆ ಅಂಗವಿಕಲರನ್ನು ನೇಮಿಸಿಕೊಳ್ಳಬೇಕೆಂದು ಟಾಂಜಾನಿಯದ 2010ರ ಕಾನೂನು ವಿಧಿಸಿತು. ಕಾನೂನು ಒಳ್ಳೆಯದೇ. ಆದರೆ ನೂರಕ್ಕೆ ಮೂವರೆಂಬ ಲೆಕ್ಕವು ತಲೆಗಳನ್ನೆಣಿಸುವುದೇ ಹೊರತು ಕುರ್ಚಿಯನ್ನು ಎಲ್ಲಿ ಹಾಕಿದರೆಂದು ನೋಡುವುದಿಲ್ಲ. ವರ್ಣಹೀನನನ್ನು ಗೇಟಿನ ಬಳಿ ಬಿಸಿಲಿನಲ್ಲಿ ಕಾವಲಿಗೆ ನಿಲ್ಲಿಸಿದರೂ ಲೆಕ್ಕವು ಸರಿಹೋಗುವುದು! ಅವನ ಮೇಜನ್ನು ಕಿಟಕಿಗೆ ಬೆನ್ನು ಮಾಡಿ ಇಡಿಸುವುದು, ಕಾಗದಗಳನ್ನು ದಪ್ಪಕ್ಷರಗಳಲ್ಲಿ ಕೊಡಿಸುವುದು, ಹೊರಗಿನ ಕೆಲಸವಿದ್ದರೆ ಹೊತ್ತು ಇಳಿದ ಮೇಲೆ ಕಳುಹಿಸುವುದು, ಇವಕ್ಕೆ ಹಣವು ಹೆಚ್ಚು ಬೇಕಾಗಿಲ್ಲ. ಕಚೇರಿಯ ಒಳಗುಟ್ಟನ್ನು ಬಲ್ಲವನು ಬೇಕು. ನೇಮಕದ ಅರ್ಜಿಗಳನ್ನು ಓದಿ ಓದಿ ಸವೆದ ಅಧಿಕಾರಿಗೆ, ಯಾವ ಅರ್ಜಿಯನ್ನು ಯಾವ ನೆಪದಿಂದ ಬದಿಗೆ ಸರಿಸುವರೆಂಬುದು ಯಾವ ವೈದ್ಯನಿಗಿಂತಲೂ ಚೆನ್ನಾಗಿ ತಿಳಿದಿರುವುದು.