ಚುಕ್ಕಿ ಇಟ್ಟರೆ ರಸ್ತೆ

ರಜೆಗೆ ಬಂಡ್ರಿಗೆ ಬಂದ ಮೊಮ್ಮಗ ಕಂಪ್ಯೂಟರಿನಲ್ಲಿ ಬಸ್ಸಿನ ಆಟ ಕಟ್ಟುತ್ತಿದ್ದ. ಸಂಡೂರಿನ ಕುಮಾರಸ್ವಾಮಿ ಬೆಟ್ಟದಂಥದೇ ಬೆಟ್ಟ. ರಸ್ತೆಯನ್ನು ತುಂಡು ತುಂಡಾಗಿ ಜೋಡಿಸಿದ್ದರಿಂದ ತಿರುವಿಗೊಂದು ಸಂದು. ಬಸ್ಸು ಅಲ್ಲೇ ಕಮರಿಗೆ!

"ಅನ್‌ರಿಯಲ್ ಎಂಜಿನ್‌ನಲ್ಲಿ ಸ್ಪ್ಲೈನ್ ಅಂತ ಇದೆ ತಾತ" ಎಂದು ತೋರಿಸಿದ. ಬೆಟ್ಟದ ಮೇಲೆ ಚುಕ್ಕಿ ಇಡುತ್ತ ಹೋದರೆ ಅವನ್ನು ಕೂಡಿಸುವ ಬಳುಕು ಗೆರೆ ತಾನೇ ಮೂಡುತ್ತದೆ. ಚುಕ್ಕಿಯ ಹಿಡಿಕೆ ಎಳೆದಂತೆ ತಿರುವು ಬದಲಾಗುತ್ತದೆ. ರಸ್ತೆಯ ತುಂಡುಗಳು ಗೆರೆಗುಂಟ ಬಾಗಿ ಕೂಡಿಕೊಳ್ಳುತ್ತವೆ. ಇಂಥ ಗೆರೆಗಳಿಂದಲೇ 1960ರ ದಶಕದಲ್ಲಿ ಫ್ರಾನ್ಸಿನ ಪಿಯರ್ ಬೆಜಿಯೆ ರೆನೊ ಕಾರುಗಳ ಮೈ ರೂಪಿಸಿದರು.

ಆದರೂ ಇವನ ರಸ್ತೆ ಹಾವಿನಂತೆ ನುಲಿಯಿತು. ಅಜ್ಜಿ ಇಣುಕಿ, "ಇದು ರಂಗೋಲಿನೇ ಅಲ್ಲೇನೋ? ಚುಕ್ಕಿ ಜಾಸ್ತಿ ಆಗ್ಯಾವ, ಅಳಿಸು" ಎಂದಳು. ಹನ್ನೆರಡರಲ್ಲಿ ಐದನ್ನೇ ಉಳಿಸಿದ. ಬಸ್ಸು ಗುಡಿಯವರೆಗೆ ಹತ್ತಿತು.